ಪರಮಾಣುವಿನ ಚಿತ್ರಕಥೆ: ಒಂದು ವಿಮರ್ಶೆ

ವಿಜ್ಞಾನವನ್ನು ಜನಸಾಮಾನ್ಯರಿಗೆ ಮುಟ್ಟಿಸಲು ಹೊರಟ ಚಿತ್ರಕಥೆಗಳಲ್ಲಿ, 1949ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಲರ್ನ್ ಹೌ ಡಾಗ್‌ವುಡ್ ಸ್ಪ್ಲಿಟ್ಸ್ ದಿ ಆಟಂ’ ಎಂಬುದು ಗಮನಾರ್ಹವಾದುದು. ಇದರಲ್ಲಿ ಮಾಂತ್ರಿಕ ಮ್ಯಾಂಡ್ರೇಕನು ಡಾಗ್‌ವುಡ್ ಎಂಬ ಸಾಧಾರಣ ಗೃಹಸ್ಥನನ್ನು ಕಣದಷ್ಟು ಕಿರಿದಾಗಿಸಿ, ಪರಮಾಣುವಿನ ಒಳಗನ್ನು ತೋರಿಸುತ್ತಾನೆ. ದುರೂಹವಾದ ವಿಷಯವನ್ನು ಮನೆಮಾತಿಗೆ ಇಳಿಸಿದ ಈ ಜಾಣ್ಮೆಯನ್ನು ನಾವು ಮೆಚ್ಚಲೇಬೇಕು. ಆದರೆ ಕಥೆಗೆ ಸಲಹೆಯಿತ್ತವರಲ್ಲಿ ಒಬ್ಬರು, ಬಾಂಬನ್ನು ನಿರ್ಮಿಸಿದ ಮ್ಯಾನ್‌ಹಟನ್ ಯೋಜನೆಯ ಮುಖ್ಯಸ್ಥರಾಗಿದ್ದ ಜನರಲ್ ಗ್ರೋವ್ಸ್ ಅವರು. ಹಿರೋಷಿಮಾ ದುರಂತ ನಡೆದು ಆಗ ನಾಲ್ಕೇ ವರ್ಷ. ಇಲ್ಲಿಯ ವಿನೋದವು ಓದುಗನ ಅಂಜಿಕೆಯನ್ನು ಕಳೆಯುತ್ತದೆ. ಅದರೊಡನೆ ಅವನು ಕೇಳಬೇಕಾದ ಪ್ರಶ್ನೆಯನ್ನೂ ಮರೆಸುತ್ತದೆ. ಇದೇ ಇದರ ಕೊರತೆಯೆಂದು ನಮ್ಮ ಅಭಿಪ್ರಾಯ.

ಕನ್ನಡದಲ್ಲಿ ಬೇರೊಂದು ಮಾದರಿಯಿದೆ. ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳ ಮೂಲಕ ವಿಜ್ಞಾನವನ್ನು ತಿಳಿಗನ್ನಡಕ್ಕೆ ತಂದ ಶಿವರಾಮ ಕಾರಂತರೇ ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿ, 1989ರಲ್ಲಿ ಲೋಕಸಭಾ ಚುನಾವಣೆಗೂ ನಿಂತರು. ವಿಜ್ಞಾನವನ್ನು ತಿಳಿಸುವುದು ಬೇರೆ, ಜನರನ್ನು ಒಪ್ಪಿಸುವುದು ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಜೇರಿಯ ವಿದ್ಯಾರ್ಥಿಗೆ ಇದು ದೂರದ ಮಾತಲ್ಲ. ನೆರೆಯ ಶಹಾಪುರ ತಾಲೂಕಿನ ಗೋಗಿಯ ಬಳಿ ಯುರೇನಿಯಂ ನಿಕ್ಷೇಪವಿದೆ. ಆದುದರಿಂದ ಪರಮಾಣುವನ್ನು ಸೀಳುವ ಬಗೆಯನ್ನು ಬೋಧಿಸಿದರಷ್ಟೇ ಸಾಲದು. ಅದಿರು ಯಾರ ಹೊಲದ ಅಡಿಯಲ್ಲಿದೆ, ಅದನ್ನು ಅಗೆದರೆ ಬಾವಿಯ ನೀರು ಏನಾದೀತು ಎಂದು ಕೇಳುವುದನ್ನೂ ನಾವು ಕಲಿಸಬೇಕು.