‘ಪೂರಕ’ವೆಂಬ ಪಾರಿಭಾಷಿಕ ಪದ

ರಕ್ತರಸದಲ್ಲಿದ್ದು ರೋಗಾಣುಗಳನ್ನು ನಿಗ್ರಹಿಸುವ ‘ಕಾಂಪ್ಲಿಮೆಂಟ್’ ಪ್ರೋಟೀನುಗಳನ್ನು ಕನ್ನಡದಲ್ಲಿ ‘ಪೂರಕ’ವೆನ್ನುವುದುಂಟು. ಈ ಪದವು ಅರ್ಥವನ್ನು ಬೆಳಗುವುದೋ ಮರೆಸುವುದೋ ಎಂಬುದು ವಿಚಾರಾರ್ಹವಾಗಿದೆ.

ಬುಕ್ನರನು ಈ ದ್ರವ್ಯವನ್ನು ‘ಅಲೆಕ್ಸಿನ್’, ಎಂದರೆ ಕಾಪಾಡತಕ್ಕದ್ದು, ಎಂದು ಕರೆದಿದ್ದನು. ಪ್ರತಿಕಾಯದ ಕೆಲಸವನ್ನು ಇದು ಪೂರ್ತಿಮಾಡುವುದೆಂದು ಬಗೆದು ಏರ್ಲಿಕ್ ಪಂಡಿತನು ಹೆಸರನ್ನು ಬದಲಿಸಿದನು. ಅದರ ತರ್ಜುಮೆಯೇ ನಮ್ಮ ‘ಪೂರಕ’. ಆದರೆ ಪ್ರತಿಕಾಯದ ನೆರವಿಲ್ಲದೆಯೂ ಸಿ-3 ಎಂಬ ಪ್ರೋಟೀನು ರೋಗಾಣುವಿಗೆ ಅಂಟಿಕೊಳ್ಳಬಲ್ಲುದು. ಬಳಿಕ ಸಿ-5ರಿಂದ ಸಿ-9ರವರೆಗಿನವು ಕೂಡಿ ಅದರ ಪೊರೆಯಲ್ಲಿ ರಂಧ್ರವನ್ನು ಕೊರೆಯುವುವು. ಈ ಸ್ವತಂತ್ರ ಶಕ್ತಿಯು ‘ಪೂರಕ’ದಲ್ಲಿ ಧ್ವನಿಸುವುದಿಲ್ಲ.

ಇದರಿಂದಾಗುವ ತೊಂದರೆ ಸಾಮಾನ್ಯವಾದುದಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಗ್ರಾಮಸ್ಥರಿಗೆ ‘ಪೂರಕ’ವೆಂದೊಡನೆ ನೆನಪಾಗುವುದು ಅಂಗನವಾಡಿಯ ಪೂರಕ ಆಹಾರ. ಮಗುವಿಗೆ ‘ಪೂರಕದ ಕೊರತೆ’ಯೆಂದರೆ ತಾಯಿಯು ಉಣಿಸಿನ ಕೊರತೆಯೆಂದೇ ತಿಳಿದು ತನ್ನನ್ನು ಹಳಿದುಕೊಂಡಾಳು. ವಾಸ್ತವವಾಗಿ ಈ ಆನುವಂಶಿಕ ಕೊರತೆಗಳಲ್ಲಿ ಬಹುಪಾಲು, ತಂದೆತಾಯಿಗಳಿಬ್ಬರಿಂದಲೂ ಕೆಟ್ಟ ಜೀನು ಬಂದಾಗ ತೋರತಕ್ಕವು. ಸೋದರಮಾವನಿಗೆ ಹೆಣ್ಣು ಕೊಡುವ ಹಳೆಯ ವಾಡಿಕೆಯುಳ್ಳ ಈ ಸೀಮೆಯಲ್ಲಿ ಇದು ಗಮನಾರ್ಹವು: ಅಂಥ ದಂಪತಿಗಳ ಸಂತಾನದಲ್ಲಿ ಯಾವುದೊಂದು ಜೀನಿನ ಎರಡು ಪ್ರತಿಗಳೂ ಒಬ್ಬನೇ ಪೂರ್ವಿಕನಿಂದ ಬಂದಿರುವ ಸಂಭವ 8ರಲ್ಲಿ 1. ಸಿ-5ರಿಂದ ಸಿ-9ರೊಳಗೊಂದು ಇಲ್ಲದವರನ್ನು ಮೆನಿಂಜೈಟಿಸ್ ಮರಳಿಮರಳಿ ಕಾಡಬಹುದು. ಅವರಿಗೆ ಬೇಕಾದುದು ಹೆಚ್ಚಿನ ಊಟವಲ್ಲ, ಲಸಿಕೆ ಮತ್ತು ಎಚ್ಚರ.

ರೂಢಪದವನ್ನು ಕಿತ್ತೊಗೆಯಬೇಕೆಂದು ನಮ್ಮ ವಾದವಲ್ಲ. ‘ರಕ್ಷಕಪೂರಕ’ವೆಂದರೆ ಬುಕ್ನರನ ಅರ್ಥವೂ ಏರ್ಲಿಕನ ಅರ್ಥವೂ ಕೂಡುವುವು. ಅಧ್ಯಾಪಕರು ಇದನ್ನು ಪರಿಶೀಲಿಸಿ ತಮ್ಮ ಅಭಿಪ್ರಾಯವನ್ನು ತಿಳಿಸಬೇಕೆಂದು ಪ್ರಾರ್ಥನೆ.