ಉಚಿತ ಸಿದ್ಧತೆ, ತಿದ್ದದೆ ಉಳಿದ ಪುಟ: ಹಿಂದೂಪುರ, ಕಲ್ಯಾಣದುರ್ಗದಿಂದ ಎಂ.ಎ. ತರಗತಿಗೆ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಮಾತುಗಳ ಬರಹರೂಪ. ಕೊನೆಯಲ್ಲಿ ಸಂವಾದದ ಒಂದು ಭಾಗವನ್ನು ಉಳಿಸಿಕೊಂಡಿದೆ.)

  

ಸ್ನಾತಕೋತ್ತರ ಪದವಿಗೆ ಸೇರಬೇಕೆನ್ನುವವರಿಗೆ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಸಿದ್ಧತಾ ಪಾಠಗಳ ಬಗ್ಗೆ ಮಾತಾಡ್ತೀನಿ. ಇವುಗಳನ್ನು ಸೌಲಭ್ಯ ಅಂತ ವರದಿ ಮಾಡೋದು ನನ್ನ ಉದ್ದೇಶ ಅಲ್ಲ. ಒಂದು ಕಾದಂಬರಿಯನ್ನು ವಿಮರ್ಶೆ ಮಾಡುವಾಗ ಅದು ಯಾವ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡಿದೆ ಅಂತ ಕೇಳ್ತೀವಲ್ಲ, ಅದೇ ಪ್ರಶ್ನೆಯನ್ನು ಈ ಪಾಠಗಳಿಗೂ ಕೇಳಬೇಕು ಅನ್ನೋದು ನನ್ನ ಉದ್ದೇಶ.

ನಾನು ಗಮನದಲ್ಲಿಟ್ಟುಕೊಂಡಿರುವ ವಿದ್ಯಾರ್ಥಿ ಆಂಧ್ರದ ಗಡಿಯವರು. ಹಿಂದೂಪುರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಒಂದರ ಪಕ್ಕಕ್ಕೆ ಗೌರಿಬಿದನೂರು, ಇನ್ನೊಂದರ ದಕ್ಷಿಣಕ್ಕೆ ಪಾವಗಡ. ಈ ಭಾಗದಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ಕುಟುಂಬಗಳು ಬೇಕಾದಷ್ಟಿವೆ. ಅಂಥ ಮನೆಯ ಹುಡುಗಿಯೊಬ್ಬಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಇಂಟರ್‌ಮೀಡಿಯೆಟ್‌ಗೆ ತೆಲುಗು ಮಾಧ್ಯಮಕ್ಕೆ ಹೋಗಬಹುದು. ಆಮೇಲೆ ಡಿಗ್ರಿ. 2021-22ರಿಂದ ಆಂಧ್ರದ ಪದವಿ ಕಾಲೇಜುಗಳಲ್ಲಿ ಇಂಗ್ಲಿಷ್ ಮಾಧ್ಯಮವೇ ಅಂತ ಸರ್ಕಾರ ನಿರ್ಧರಿಸಿತು. ಮೂರು ಮೆಟ್ಟಿಲು, ಮೂರು ಭಾಷೆ. ಪ್ರತಿ ಮೆಟ್ಟಿಲಲ್ಲೂ ಅವಳು ಪಾಸಾಗಿದ್ದಾಳೆ. ಆದರೆ ಒಂದು ಭಾಷೆಯಲ್ಲಾದರೂ ಐದು ಪುಟ ವಾದ ಕಟ್ಟಿ ಬರೆಯುವಷ್ಟು ಸಮಯ ಅವಳಿಗೆ ಯಾರೂ ಕೊಟ್ಟಿಲ್ಲ.

ಈಗ ಅವಳ ಮುಂದಿರುವ ಉಚಿತ ಸಾಮಗ್ರಿ ನೋಡೋಣ. 2017ರಲ್ಲಿ ಬಂದ ಸ್ವಯಂ ಇದೆ. ಅದೇ ವರ್ಷದ ಸ್ವಯಂಪ್ರಭಾ ಟಿವಿ ವಾಹಿನಿಗಳಿವೆ. ಯುಜಿಸಿಯ ಇ-ಪಿಜಿ ಪಾಠಶಾಲಾ ಇದೆ. ಇವುಗಳ ಜೊತೆಗೆ ಪ್ರವೇಶ ಪರೀಕ್ಷೆಯ ಪ್ರಶ್ನೆ ಬಿಡಿಸುವ ಯೂಟ್ಯೂಬ್ ಪಾಠಗಳು ಲೆಕ್ಕವಿಲ್ಲದಷ್ಟಿವೆ. ಇವೆಲ್ಲ ಬಂದದ್ದು ಸಣ್ಣ ವಿಷಯ ಅಲ್ಲ. ಕೋಚಿಂಗ್ ಬೇಕು ಅಂದರೆ ಅನಂತಪುರಕ್ಕೋ ಬೆಂಗಳೂರಿಗೋ ಹೋಗಿ, ಶುಲ್ಕದ ಜೊತೆ ರೂಮಿನ ಬಾಡಿಗೆಯನ್ನೂ ಕಟ್ಟಬೇಕಿತ್ತು. ಹೆಣ್ಣುಮಕ್ಕಳಾದರೆ ಮನೆಯವರ ಒಪ್ಪಿಗೆಯೂ ಬೇಕು. ಆ ಖರ್ಚನ್ನು ಮೊಬೈಲ್ ಇಳಿಸಿದೆ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳ್ತೀನಿ.

ನನ್ನ ತಕರಾರು ಇಷ್ಟು: ಇವುಗಳಲ್ಲಿ ಹೆಚ್ಚಿನವು ಬಾಗಿಲಿಗೆ ಸಿದ್ಧ ಮಾಡ್ತವೆ, ಬಾಗಿಲಿನ ಒಳಗಿನ ಕೋಣೆಗೆ ಅಲ್ಲ.

ಬಾಗಿಲು ಹೇಗಿದೆ ನೋಡಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ ಪಿಜಿ 2025ರಲ್ಲಿ 75 ಪ್ರಶ್ನೆ, 90 ನಿಮಿಷ. ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಭಾಷಾ ಪತ್ರಿಕೆಗಳನ್ನು ಬಿಟ್ಟರೆ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಆಂಧ್ರದ ಪಿಜಿಸೆಟ್‌ನಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ. ಅಂದರೆ ಒಂದು ಪ್ರಶ್ನೆಗೆ ಒಂದು ನಿಮಿಷ ಆಚೆ ಈಚೆ. ಈ ಬಾಗಿಲಿಗೆ ತಕ್ಕಂತೆ ಪಾಠಗಳೂ ಚೂರುಚೂರಾಗಿವೆ: ಕೃತಿ, ಕರ್ತೃ, ಇಸವಿ, ಪ್ರಶಸ್ತಿ.

ಕನ್ನಡ ಎಂ.ಎ.ಗೆ ಹೊರಟವರಿಗೆ ಎದುರಾಗುವ ಒಂದು ಮಾಮೂಲು ಪ್ರಶ್ನೆ ತಗೊಳ್ಳಿ: ಕನ್ನಡದ ಮೊದಲ ಶಾಸನ ಯಾವುದು? ನಾಲ್ಕು ಆಯ್ಕೆಗಳಲ್ಲಿ ಹಲ್ಮಿಡಿಗೆ ಗುರುತು ಹಾಕಿದರೆ ಅಂಕ ಬರತ್ತೆ. ಆದರೆ ಎಂ.ಎ. ತರಗತಿ ಶುರುವಾಗೋದೇ ಆ ಉತ್ತರ ಅಲುಗಾಡುವ ಜಾಗದಲ್ಲಿ. ತಾಳಗುಂದದ ಸಿಂಹಕಟಾಂಜನ ಶಾಸನವನ್ನು ಪುರಾತತ್ವ ಇಲಾಖೆಯವರು ಕ್ರಿ.ಶ. 370ರದ್ದು ಅಂತ ಹೇಳಿದ ಮೇಲೆ ಹಲ್ಮಿಡಿಯ ಸ್ಥಾನ ಏನಾಯಿತು? ಕಾಲವನ್ನು ಲಿಪಿಯಿಂದ ಹೇಗೆ ಊಹಿಸ್ತಾರೆ? ಒಂದು ಶಾಸನದಲ್ಲಿ ಎಷ್ಟು ಕನ್ನಡ ಪದ ಇದ್ದರೆ ಅದನ್ನು ಕನ್ನಡ ಶಾಸನ ಅನ್ನಬಹುದು? ಒಂದು ನಿಮಿಷದಲ್ಲಿ ಗುರುತು ಹಾಕಿ ಮುಂದೆ ಹೋಗೋದನ್ನೇ ಆರು ತಿಂಗಳು ಅಭ್ಯಾಸ ಮಾಡಿದವರು ಇಲ್ಲಿ ಬಂದು ತಬ್ಬಿಬ್ಬಾಗ್ತಾರೆ. ಅವರಿಗೆ ಬುದ್ಧಿ ಕಡಿಮೆ ಅಂತ ಅಲ್ಲ. ಉತ್ತರ ಗೊತ್ತಿದ್ದರೆ ಕೆಲಸ ಮುಗಿಯಿತು ಅಂತ ಅವರಿಗೆ ಕಲಿಸಲಾಗಿದೆ.

ಇದೇ ವಿದ್ಯಾರ್ಥಿಯ ಊರಿನ ಪಕ್ಕದಲ್ಲಿ ಏನಿದೆ ನೋಡಿ. ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ವಿಜಯನಗರ ಕಾಲದ ಕನ್ನಡ ಶಾಸನಗಳಿವೆ. ಮಡಕಶಿರಾ ಕಡೆಯ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿ ಹೆಂಜೇರು. ಹಳೆಯ ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳಿಗೆಂದೇ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟ ಮೀಸಲಾಗಿದೆ. ಅದರಲ್ಲಿ ಅನಂತಪುರ ಸೀಮೆಯ ಊರುಗಳೂ ಬರ್ತವೆ. ವಚನಗಳಾದರೆ ‘ವಚನ ಸಂಚಯ’ ತಾಣದಲ್ಲಿ ಪದ ಪದವನ್ನೂ ಹುಡುಕಬಹುದು. ಇದಕ್ಕೂ ದುಡ್ಡು ಕೊಡಬೇಕಿಲ್ಲ. ನಿಜವಾದ ಸಿದ್ಧತೆ ಇದು. ಆದರೆ ‘ಸಿದ್ಧತೆ’ ಅಂತ ಹುಡುಕಿದವರಿಗೆ ಇದು ಸಿಗಲ್ಲ, ಸಿಕ್ಕರೂ ಎಲ್ಲಿಂದ ಓದಬೇಕು ಅಂತ ಹೇಳುವವರಿಲ್ಲ. ಪಕ್ಕದೂರಿನ ಶಾಸನದ ಹತ್ತು ಸಾಲು ಓದಲು ಬರದೆ, ಹಲ್ಮಿಡಿ ಯಾವ ತಾಲೂಕು ಅಂತ ಮಾತ್ರ ಗೊತ್ತಿರೋ ವಿದ್ಯಾರ್ಥಿಯನ್ನು ನಾವು ಸಿದ್ಧರು ಅಂತ ಕರೀತಾ ಇದ್ದೀವಿ.

ಇಲ್ಲಿ ನನ್ನದೇ ಅನುಭವ ಒಂದನ್ನು ಹೇಳಬೇಕು. ನಾನೂ ಈ ಗಡಿಯಿಂದಲೇ ಬಂದವನು. ಉಚಿತ ಪಾಠಗಳನ್ನು ನೋಡಿಯೇ ಪ್ರವೇಶ ಪಡೆದೆ. ಮೊದಲ ಸೆಮಿಸ್ಟರಿನ ನಿಯೋಜಿತ ಬರಹದಲ್ಲಿ ನಾನು ಬರೆದದ್ದು ನಲವತ್ತು ಸತ್ಯಸಂಗತಿಗಳು, ಒಂದರ ಕೆಳಗೊಂದು. ಸರ್ ಅಂಚಿನಲ್ಲಿ ಒಂದೇ ಮಾತು ಬರೆದಿದ್ದರು: ‘ಹಾಗಾದರೆ?’ ಎರಡು ದಿನ ನನಗೆ ಅದು ಅರ್ಥವೇ ಆಗಲಿಲ್ಲ. ಆಮೇಲೆ ತಿಳೀತು, ನಲವತ್ತು ಸಂಗತಿ ಜೋಡಿಸಿದ್ದೆ, ಒಂದು ಮಾತನ್ನೂ ಹೇಳಿರಲಿಲ್ಲ. ಎಷ್ಟೋ ಗಂಟೆಗಳ ವಿಡಿಯೋ ಕಲಿಸದೇ ಇದ್ದದ್ದನ್ನು ಆ ಒಂದು ಪದ ಕಲಿಸಿತು.

ಹಾಗಾಗಿ ಈ ಪಾಠಗಳ ರಚನೆಯಲ್ಲೇ ಇರುವ ಕೊರತೆಯನ್ನು ಗುರುತಿಸಬೇಕು. ಸ್ವಯಂ ಕೋರ್ಸಿನಲ್ಲಿ ನಾಲ್ಕು ಅಂಗಗಳಿರ್ತವೆ: ವಿಡಿಯೋ ಉಪನ್ಯಾಸ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆ, ಚರ್ಚೆಯ ಜಾಗ. ಯೋಜನೆ ಚೆನ್ನಾಗಿದೆ. ಆದರೆ ವಿದ್ಯಾರ್ಥಿ ಬರೆದ ಒಂದು ಪುಟವನ್ನು ಯಾರೋ ಓದಿ, ತಿದ್ದಿ, ವಾಪಸ್ ಕೊಡುವ ಅಂಗ ಆ ನಾಲ್ಕರಲ್ಲಿ ಇಲ್ಲ. ಕಾರಣ ಸರಳ. ವಿಡಿಯೋವನ್ನು ಒಬ್ಬರು ನೋಡಿದರೂ ಲಕ್ಷ ಜನ ನೋಡಿದರೂ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ತಿದ್ದುವ ಕೈಗೆ ಮಾತ್ರ ಪ್ರತಿ ಪುಟಕ್ಕೂ ಸಮಯ ಬೇಕು. ಉಚಿತವಾಗಿ ಹಂಚಬಹುದಾದದ್ದನ್ನೆಲ್ಲ ಹಂಚಿದ್ದೀವಿ, ದುಬಾರಿಯಾದ ಆ ಒಂದನ್ನು ವಿದ್ಯಾರ್ಥಿಯ ಅದೃಷ್ಟಕ್ಕೆ ಬಿಟ್ಟಿದ್ದೀವಿ. ಮನೆಯಲ್ಲಿ ಓದಿದ ಅಣ್ಣನೋ ಅಕ್ಕನೋ ಇದ್ದವರಿಗೆ ಆ ಅದೃಷ್ಟ ಇರತ್ತೆ. ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲಿಗರಿಗೆ ಇರಲ್ಲ.

ಹಾಗಾಗಿ ಬೇಡಿಕೆ ಸರ್ಕಾರಕ್ಕಿಂತ ಮೊದಲು ನಮಗೇ. ಪ್ರವೇಶ ಸಿಕ್ಕ ದಿನದಿಂದ ತರಗತಿ ಶುರುವಾಗುವವರೆಗೆ ಕೆಲವು ವಾರ ಸಿಗ್ತವೆ. ಆ ಅವಧಿಯಲ್ಲಿ ಪ್ರತಿಯೊಬ್ಬ ಹೊಸ ವಿದ್ಯಾರ್ಥಿಯೂ ವಾರಕ್ಕೆ ಒಂದು ಪುಟ ಬರೆಯಲಿ. ಎರಡನೇ ವರ್ಷದವರು ತಲಾ ಇಬ್ಬರ ಪುಟಗಳನ್ನು ತಿದ್ದಲಿ. ವಿಮರ್ಶೆಯ ನೂರು ಪಾರಿಭಾಷಿಕ ಪದಗಳಿಗೆ ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಅರ್ಥ ಕೊಡುವ ಪಟ್ಟಿಯೊಂದನ್ನು ನಾವೇ ಮಾಡೋಣ. ಮೂರು ಭಾಷೆ ದಾಟಿ ಬಂದದ್ದು ಆಗ ಕೊರತೆಯಾಗಿ ಉಳಿಯಲ್ಲ, ಕೆಲಸಕ್ಕೆ ಬರತ್ತೆ. 

ಸಂವಾದ

ಪ್ರಶ್ನೆ (ಸಹಪಾಠಿ): ಮೊದಲು ಸೀಟು ಸಿಗಬೇಕಲ್ವಾ? ಒಳಗೇ ಬರದೇ ಇದ್ದರೆ ವಾದ ಕಟ್ಟೋದು ಕಲಿತು ಏನು ಪ್ರಯೋಜನ?

ಉತ್ತರ: ನ್ಯಾಯವಾದ ಪ್ರಶ್ನೆ. ಬಹು ಆಯ್ಕೆಯ ಅಭ್ಯಾಸ ಬಿಡಿ ಅಂತ ನಾನು ಹೇಳ್ತಿಲ್ಲ. ನಾನೂ ಅದರಿಂದಲೇ ಬಂದೆ. ಅದನ್ನೇ ಪೂರ್ತಿ ಸಿದ್ಧತೆ ಅಂತ ಕರೆದು ನಾವು ಕೈ ತೊಳೆದುಕೊಳ್ಳಬಾರದು ಅನ್ನೋದಷ್ಟೇ ನನ್ನ ಮಾತು.

ಪ್ರಶ್ನೆ (ಅಧ್ಯಾಪಕರು): ಎರಡನೇ ವರ್ಷದವರು ತಿದ್ದೋದು ಸರಿ. ಅವರ ತಿದ್ದುಪಡಿಯೇ ತಪ್ಪಾಗಿದ್ದರೆ?

ಉತ್ತರ: ಆಗತ್ತೆ ಸರ್. ಅದಕ್ಕೇ ತಿಂಗಳಿಗೊಮ್ಮೆ ಒಂದಷ್ಟು ಪುಟಗಳನ್ನು ತಾವೂ ನೋಡಬೇಕು ಅಂತ ಕೇಳಿಕೊಳ್ತೀನಿ. ತಪ್ಪು ತಿದ್ದುಪಡಿಯ ಬಗ್ಗೆ ವಾದ ಮಾಡಬಹುದು. ತಿದ್ದದೇ ಉಳಿದ ಪುಟದ ಜೊತೆ ವಾದ ಮಾಡೋಕೂ ಆಗಲ್ಲ.