ನಳ ಹೋದತ್ತ ಊರು

ಗ್ರಾಮ ಪಂಚಾಯಿತಿ ಕೊಡುವ ಇ-ಸ್ವತ್ತು ನಮೂನೆ 9ರಲ್ಲಿ ಆಸ್ತಿಯ ಅಳತೆ ಇರುತ್ತದೆ, ಚಕ್ಕುಬಂದಿ ಇರುತ್ತದೆ, ಮಾಲೀಕರ ಫೋಟೊ ಇರುತ್ತದೆ. ಹೊಳೆ ಏರಿದಾಗ ಅಲ್ಲಿ ನೀರು ಎಷ್ಟು ಎತ್ತರ ನಿಲ್ಲುತ್ತದೆ ಎಂದು ಬರೆಯಲು ಮಾತ್ರ ಅದರಲ್ಲಿ ಅಂಕಣವಿಲ್ಲ. ಬೆಳಗಾವಿ ಜಿಲ್ಲೆಯ ಕಾಗವಾಡ ತಾಲೂಕಿನ ಜುಗೂಳದಂಥ ಊರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಅದೇ. ಕೃಷ್ಣೆಯ ಈ ದಂಡೆಗೆ ಜುಗೂಳ, ಆ ದಂಡೆಗೆ ಮಹಾರಾಷ್ಟ್ರದ ಖಿದ್ರಾಪುರ. 2005, 2019, 2021ರ ಮಹಾಪೂರ ಯಾರ ಮನೆಯ ಯಾವ ಮೆಟ್ಟಿಲಿನವರೆಗೆ ಬಂದಿತ್ತೆಂದು ಊರಿನವರು ಬೆರಳಿಟ್ಟು ತೋರಿಸಬಲ್ಲರು. ಹೊಸ ಮನೆ ಎಲ್ಲಿ ಏಳಬೇಕು, ಎಲ್ಲಿ ಏಳಬಾರದು ಎಂಬ ನಿರ್ಧಾರದಲ್ಲಿ ಈ ತಿಳಿವಳಿಕೆಗೆ ಸ್ಥಾನವೇ ಸಿಕ್ಕಿಲ್ಲ.

ಕಾನೂನಿನಲ್ಲಿ ಕೊರತೆಯಿಲ್ಲ. 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಬಂದ 243ಝಡ್‌ಡಿ ವಿಧಿ ಜಿಲ್ಲಾ ಯೋಜನಾ ಸಮಿತಿಗೆ ಹೊರಿಸಿದ ಕೆಲಸ ಇದೇ: ಪಂಚಾಯಿತಿಗಳೂ ಪುರಸಭೆಗಳೂ ನೆಲ ಹೇಗೆ ಬಳಸಬೇಕು, ನೀರು ಹೇಗೆ ಹಂಚಿಕೊಳ್ಳಬೇಕು, ಮೂಲಸೌಕರ್ಯ ಎಲ್ಲಿಗೆ ಒಯ್ಯಬೇಕು ಎಂಬುದನ್ನು ಒಂದೇ ಕರಡಿನಲ್ಲಿ ತರುವುದು. ಹಳ್ಳಿ ಮತ್ತು ಪೇಟೆಯ ಪ್ರತಿನಿಧಿಗಳನ್ನು ಒಂದೇ ಮೇಜಿಗೆ ಕೂರಿಸುವ ಈ ಕಲ್ಪನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರೇ ಆಗಿರಬೇಕು. 2016ರಲ್ಲಿ ಗೆದ್ದ ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅಲ್ಲಿಂದ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಳ್ಳಿಯ ಪರ ಮಾತಾಡಬೇಕಾದ ಕುರ್ಚಿಗಳು ಖಾಲಿಯಾದವು.

ಇನ್ನು ಆಚರಣೆ. 2018ರಲ್ಲಿ ಅಥಣಿಯಿಂದ ಬೇರೆಯಾದ ಸಣ್ಣ ಕಾಗವಾಡ ತಾಲೂಕಿನಲ್ಲಿ ಉಗಾರ ಖುರ್ದ ಪುರಸಭೆ, ಐನಾಪುರ ಮತ್ತು ಶೇಡಬಾಳ ಪಟ್ಟಣ ಪಂಚಾಯಿತಿ. ಪಕ್ಕದಲ್ಲೇ ಗ್ರಾಮ ಪಂಚಾಯಿತಿಗಳು. ಪೇಟೆಗೆ ನೀರಿನ ಯೋಜನೆ ಮಾಡುವುದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಹಳ್ಳಿಗೆ ಗ್ರಾಮೀಣ ಕುಡಿಯುವ ನೀರು ಇಲಾಖೆ, ಎರಡಕ್ಕೂ ಕರೆಂಟು ಹೆಸ್ಕಾಂನದು. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕ, ಜಲಜೀವನ ಮಿಷನ್‌ನಲ್ಲಿ ಹಳ್ಳಿಯವರಿಗೆ 55. ಒಂದೇ ಹೊಳೆಯ ನೀರಿಗೆ ಎರಡು ಅಳತೆ, ಎರಡು ಟೆಂಡರು. ಮನೆ ಮನೆಗೆ ನಳ ಬಂದದ್ದು ದೊಡ್ಡ ಸಂಗತಿ, ಅದನ್ನು ಕಡೆಗಣಿಸಲಾರೆ. ಆದರೆ ಪೈಪು ಹೋದತ್ತ ಪ್ಲಾಟು ಬೀಳುತ್ತದೆ, ಕಂಬ ನಿಂತಲ್ಲಿ ಮನೆ ಏಳುತ್ತದೆ. ಊರು ಬೆಳೆಯುವ ದಿಕ್ಕನ್ನು ನಿಜಕ್ಕೂ ನಿರ್ಧರಿಸುವವರು ಪೈಪಿನ ಅಂದಾಜುಪಟ್ಟಿ ಬರೆಯುವವರು. ಅವರ ಮುಂದೆ ನೆರೆಯ ನಕ್ಷೆ ಇರುವುದಿಲ್ಲ.

ಇದರ ಬೆಲೆ ಆಗಸ್ಟಿನಲ್ಲಿ ಕಾಣುತ್ತದೆ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯುಸೆಕ್ ಬಿಟ್ಟರಂತೆ ಎಂಬ ಸುದ್ದಿ ಬರುತ್ತಲೇ ರೈತರು ದಂಡೆಯ ಪಂಪ್‌ಸೆಟ್ ಬಿಚ್ಚಿ ಮೇಲೆ ಹೊರುತ್ತಾರೆ. ನೀರು ಇನ್ನೂ ಏರಿದರೆ ಟಿಸಿ (ಟ್ರಾನ್ಸ್‌ಫಾರ್ಮರ್) ಮುಳುಗುವ ಮೊದಲು ಲೈನು ಬಂದ್. ಕರೆಂಟಿಲ್ಲದೆ ನಳವೂ ಬಂದ್. ಸುತ್ತ ಹೊಳೆ, ಕುಡಿಯಲು ಟ್ಯಾಂಕರ್. ನೀರು ಇಳಿದ ಮೇಲೆ ಅದೇ ಕಂಬ, ಅದೇ ಪೈಪು ಅದೇ ಜಾಗದಲ್ಲಿ ಮತ್ತೆ ನಿಲ್ಲುತ್ತವೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಬಿದ್ದವರಿಗೆ ಅದು ಆಸರೆಯಾಯಿತು ನಿಜ. ಆದರೆ ಹಣ ಗೋಡೆಗೆ ಬಂತು, ಗೋಡೆ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಹಾಗೇ ಉಳಿಯಿತು. ಹಾಗೆಂದು ಊರನ್ನೇ ಎತ್ತಿ ಬೇರೆಡೆ ಇಟ್ಟರೆ ಮುಗಿಯಿತು ಎನ್ನುವವರು 2009ರ ನೆರೆಯ ನಂತರದ ‘ಆಸರೆ’ ಮನೆಗಳನ್ನು ನೆನೆಯಬೇಕು. ನೀರು, ರಸ್ತೆ, ಹೊಲದ ದಾರಿ ಸರಿಯಿಲ್ಲದ ಎಷ್ಟೋ ಕಡೆ ಜನ ಹೋಗಲೇ ಇಲ್ಲ.

ಊರು ಎಲ್ಲಿಯವರೆಗೆ ಬೆಳೆಯಬೇಕೆಂದು ಮೊದಲೇ ನಿರ್ಧರಿಸಿದವರೂ ಇದ್ದಾರೆ. ಅಮೆರಿಕದ ಓರೆಗಾನ್ ರಾಜ್ಯ 1973ರ ಕಾನೂನಿನಡಿ ಪ್ರತಿ ಪಟ್ಟಣವೂ ಬೆಳವಣಿಗೆಯ ಗೆರೆ ಎಳೆಯಬೇಕೆಂದು ವಿಧಿಸಿತು. ಪೋರ್ಟ್‌ಲ್ಯಾಂಡ್ ಸೇರಿ 24 ಪಟ್ಟಣಗಳಿಗೆ ಒಂದೇ ಗೆರೆ, ಅದನ್ನು ನೋಡಿಕೊಳ್ಳಲು ಒಂದೇ ಚುನಾಯಿತ ಸಂಸ್ಥೆ. ಗೆರೆಯೊಳಗೆ ನೀರು ಯಾರದು, ಒಳಚರಂಡಿ ಯಾರದು ಎಂಬುದೂ ಕಾಗದದ ಮೇಲೆ ಒಪ್ಪಂದವಾಗಬೇಕು. ಗೆರೆಯಿಂದ ಮನೆಗಳ ಬೆಲೆ ಏರಿತೆಂಬ ದೂರು ಅಲ್ಲಿ ಇನ್ನೂ ಇದೆ, ಅದು ಹಗುರವಾದ ದೂರಲ್ಲ. ಕಬ್ಬಿನ ನೀರಾವರಿ ಭೂಮಿಗೆ ಚಿನ್ನದ ಬೆಲೆ ಇರುವ ನಮ್ಮಲ್ಲಂತೂ ನೆರೆಯ ಮಟ್ಟಕ್ಕೆ ಇಂಥ ಗೆರೆ ಎಳೆದರೆ ಅದರ ಕೆಳಗೆ ಬಿದ್ದ ಬಡವನ ಗತಿ ಏನು ಎಂಬುದಕ್ಕೆ ಮೊದಲು ಉತ್ತರ ಬೇಕು. ನಿರ್ಬಂಧದ ಜೊತೆಗೇ ನೆರೆ ಮುಟ್ಟದ ಎತ್ತರದಲ್ಲಿ ನಿವೇಶನ, ನಳ, ಕಂಬ ಮೊದಲೇ ಸಿದ್ಧವಿರದಿದ್ದರೆ ಗೆರೆ ಎಳೆಯುವುದೇ ಅನ್ಯಾಯ.

ನೆಲ-ನೀರನ್ನು ಒಟ್ಟಿಗೆ ಯೋಜಿಸುವ ಕೆಲಸವನ್ನು ರಾಜ್ಯದ ಗಡಿ ಇನ್ನಷ್ಟು ಕಠಿಣಗೊಳಿಸುತ್ತದೆ. 2022ರಲ್ಲಿ ಮಹಾನಗರಪಾಲಿಕೆಯಾದ ಇಚಲಕರಂಜಿಯ ಕೊಳಚೆಯೂ ಜವಳಿ ಘಟಕಗಳ ನೀರೂ ಪಂಚಗಂಗೆಗೆ ಸೇರುತ್ತವೆ, ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಗೆ. ಜುಗೂಳ ಅದರ ಕೆಳಗಿದೆ. ಆ ನಗರ ಎಷ್ಟು ಬೆಳೆಯಬೇಕೆಂದು ಬೆಳಗಾವಿಯ ಜಿಲ್ಲಾ ಯೋಜನಾ ಸಮಿತಿ ಹೇಳಲಾರದು. ಆದರೆ ಬೇಸಿಗೆಯಲ್ಲಿ ತನ್ನ ಹಳ್ಳಿಗಳು ಎತ್ತುವ ನೀರು ಹೇಗಿದೆ ಎಂಬ ವರದಿಯನ್ನು ಹಿಡಿದು ಕೊಲ್ಹಾಪುರದ ಆಡಳಿತದೆದುರು ಕೂರಬಹುದು. ಮಳೆಗಾಲದಲ್ಲಿ ಬ್ಯಾರೇಜಿನ ಕ್ಯುಸೆಕ್ ಲೆಕ್ಕ ದಿನವೂ ಗಡಿ ದಾಟಿ ಬರುತ್ತದೆ. ಕೊಳಚೆಯ ಲೆಕ್ಕವನ್ನೂ ಹಾಗೆಯೇ ಕೇಳಿ ಪಡೆಯಬೇಕು.